ಸಕ್ಕರೆ ನೀರು ಹಾಕಿದ ಸೋದರಮಾವ

ನನ್ನ ತಮ್ಮ ಸೀನನಿಗೆ ಹೆಣ್ಣು ಕೊಡುವವರು ಹೋದ ಭಾನುವಾರ ಶ್ರೀನಿವಾಸಪುರದಿಂದ ಕೋಲಾರದ ನಮ್ಮ ಮನೆಗೆ ಬಂದಿದ್ದರು. ಸೀನನನ್ನು ನೋಡುವುದಕ್ಕಲ್ಲ. ಒಂದನೇ ಕ್ಲಾಸಿನಲ್ಲಿರುವ ನನ್ನ ಮಗ ಕಿಟ್ಟಿಯನ್ನು ನೋಡುವುದಕ್ಕೆ!

ನಗಬೇಡಿ. ಹುಟ್ಟಿದ ಮಗುವಿನ ಬಾಯಿಗೆ ಮೊದಲು ಸಕ್ಕರೆ ನೀರು ಯಾರು ಹಾಕುತ್ತಾರೋ, ಮಗುವಿಗೆ ಅವರ ಗುಣವೇ ಬರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಕಿಟ್ಟಿ ಹುಟ್ಟಿದಾಗ ಆ ಹಕ್ಕು ಯಾರದೆಂದು ಹೋಳೂರಿನ ನಮ್ಮತ್ತೆಗೂ ಮುಳಬಾಗಿಲಿನ ನಮ್ಮಮ್ಮನಿಗೂ ಆಸ್ಪತ್ರೆಯ ವರಾಂಡದಲ್ಲೇ ಜಟಾಪಟಿ. ಕೂಸು ಒಂದೇ ಸಮ ಕಿರುಚುತ್ತಿತ್ತು. ನನಗೆ ಕಾಫಿ ತಂದಿದ್ದ ಸೀನ ತಡೆಯಲಾರದೆ ಸಕ್ಕರೆ ನೀರಿನ ಲೋಟಕ್ಕೆ ಬೆರಳದ್ದಿ ಮಗುವಿನ ಬಾಯಿಗೆ ಹಾಕಿಯೇಬಿಟ್ಟ.

ಅವತ್ತಿನಿಂದ ಕಿಟ್ಟಿ ಏನೇ ಮಾಡಲಿ, ಅತ್ತೆಯ ತೀರ್ಪು ಒಂದೇ. ಹಲ್ಲುಜ್ಜಲಿಲ್ಲವೇ? "ಸೀನನ ಬುದ್ಧಿ." ಸ್ಲೇಟು ಒಡೆದನೇ? "ಸೀನನ ಕೈ." ಉಪ್ಪಿಟ್ಟು ಬೇಡವೆಂದನೇ? "ಎಲ್ಲಾ ಆ ಸಕ್ಕರೆ ನೀರಿನ ಮಹಿಮೆ ಕಣಮ್ಮ!" (ಸೀನ ಉಪ್ಪಿಟ್ಟನ್ನು ಕೇಳಿ ಹಾಕಿಸಿಕೊಂಡು ತಿನ್ನುವವನು. ಅದನ್ನು ಕೇಳುವವರು ಯಾರು?)

ನಮ್ಮ ಯಜಮಾನರು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವರು. "ಮಗುವಿಗೆ ಅರ್ಧ ತಾಯಿಯಿಂದ ಬರುತ್ತೆ, ಅರ್ಧ ತಂದೆಯಿಂದ. ಮಿಕ್ಕಿದ್ದು ಸುತ್ತಮುತ್ತಲಿನವರಿಂದ" ಎಂದು ನನಗೆ ಪಾಠ ಮಾಡಿದರು. ಎರಡು ಅರ್ಧ ಸೇರಿದ ಮೇಲೆ ಮಿಕ್ಕಿದ್ದು ಎಲ್ಲಿಂದ ಬಂತು ರೀ ಎಂದೆ. ಪೇಪರ್ ಬಿಡಿಸಿಕೊಂಡರು. ಇದನ್ನೇ ನಿಮ್ಮ ತಾಯಿಯ ಮುಂದೆ ಹೇಳಿ ನೋಡೋಣ ಎಂದೆ. ಪೇಪರ್ ಇನ್ನೂ ಮೇಲಕ್ಕೆ ಹೋಯಿತು.

ಅತ್ತೆ ಈ ಮಾತನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಸರಿಹೋಗುತ್ತಿತ್ತು. ಮದುವೆ, ನಾಮಕರಣ, ಬಸ್ಸು, ಎಲ್ಲಿ ಹೋದರೂ ಅದೇ ಕಥೆ. ಅದು ಮಾಲೂರಿನವರೆಗೆ ಮುಟ್ಟಿ ಸೀನನಿಗೆ ಬಂದಿದ್ದ ಒಂದು ಸಂಬಂಧ ಮುರಿದುಬಿತ್ತು. ಈಗ ಬಂದಿರುವುದು ಶ್ರೀನಿವಾಸಪುರದ ಹುಡುಗಿ. ಅವಳನ್ನು ಯಾರದೋ ಮದುವೆಯಲ್ಲಿ ನೋಡಿದಂದಿನಿಂದ ಸೀನ ಉಪ್ಪಿಟ್ಟನ್ನೂ ಬಿಟ್ಟಿದ್ದಾನೆ. ಮೂವತ್ತು ದಾಟಿದವನು, ಪಾಪ.

ಹುಡುಗಿಯ ಅಜ್ಜಿ ಮಾವಿನ ತೋಪಿನ ಯಜಮಾನಿ. ಮನೆಯಲ್ಲಿ ಆಕೆ ಹೇಳಿದ್ದೇ ಆಗಬೇಕು. "ಹುಡುಗ ನಮ್ಮೆದುರಿಗೆ ನಾಟಕ ಆಡ್ಬೋದು, ಮಗು ಆಡಲ್ಲ. ಸಕ್ಕರೆ ನೀರು ಕುಡಿದಿರೋ ಮಗೂನ ಮೊದ್ಲು ತೋರ್ಸಿ" ಎಂದು ಹೇಳಿ ಕಳಿಸಿದ್ದರು.

ವಾರವಿಡೀ ಸೀನ ದಿನಾ ಪೆಪ್ಪರಮೆಂಟು ಹಿಡಿದುಕೊಂಡು ಮುಳಬಾಗಿಲಿನಿಂದ ಬಂದ. "ಲೇ ಕಿಟ್ಟಿ, ಭಾನುವಾರ ಒಂದಿನ ಬಾಯಿ ಮುಚ್ಕೊಂಡು ಕೂತ್ಕೊಳೋ. ನನ್ನ ಮದುವೆ ನಿನ್ನ ಕೈಲಿದೆ ಕಣೋ!"

ಕಿಟ್ಟಿ ಪೆಪ್ಪರಮೆಂಟು ಚೀಪುತ್ತಾ, "ನೋಡೋಣ ಮಾಮ" ಎಂದ.

ಭಾನುವಾರ ಅಜ್ಜಿ ಬಂದರು. ಜೊತೆಗೆ ಒಂದು ಮಂಕರಿ ತುಂಬ ಬಾದಾಮಿ ಮಾವಿನಹಣ್ಣು. ಕಿಟ್ಟಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಗೊಂಬೆಯ ಹಾಗೆ ಕೂತಿದ್ದ. "ಬಾ ನಾಯನಾ, ನಿಂಗೆ ಬೇಕಾದ ಹಣ್ಣು ತಗೋ" ಎಂದು ಅಜ್ಜಿ ಕರೆದರು.

ಕಿಟ್ಟಿ ಎದ್ದ. ಮೇಲಿನ ಹಣ್ಣು ಮುಟ್ಟಲಿಲ್ಲ. ಮೊಣಕೈವರೆಗೂ ಕೈ ತೂರಿಸಿ ಮಂಕರಿಯ ತಳದಿಂದ ಒಂದನ್ನು ಎಳೆದ. ತೊಟ್ಟು ಮೂಸಿದ. ಹೆಬ್ಬೆರಳಿನಲ್ಲಿ ಒತ್ತಿದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನಜ್ಜಿ, ಮೇಲೆ ಹಣ್ಣು ಜೋಡ್ಸಿ ಕೆಳಗೆಲ್ಲಾ ಕಾಯಿ ತುಂಬಿದೀರಾ! ನಮಗೇನು ಕಣ್ಣಿಲ್ವಾ?" ಎಂದ.

ಸೀನ ಗೋಡೆಗೆ ಒರಗಿದ. ಅತ್ತೆ, "ನಾನು ಹೇಳ್ಲಿಲ್ವಾ, ಆ ಸೀನನ ಸಕ್ಕರೆ ನೀರು..." ಎಂದು ಶುರುಮಾಡಿದರು.

ಅಜ್ಜಿ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು! "ನಾನೇ ಬೇಕಂತ ಹಂಗೆ ತುಂಬಿಸ್ಕೊಂಡು ಬಂದೆ ಕಣಮ್ಮ. ನಮ್ಮನೆ ಗಂಡಸರಿಗೆ ಒಬ್ಬರಿಗೂ ಮಂಕರಿ ತಳ ನೋಡ್ಬೇಕು ಅಂತ ಗೊತ್ತಾಗಲ್ಲ. ಸಕ್ಕರೆ ನೀರು ಕುಡಿದೋನೇ ಹಿಂಗಿದ್ರೆ, ಹಾಕಿದೋನು ಹೆಂಗಿರ್ಬೇಕು! ನಮ್ಮ ತೋಪಿಗೆ ಇಂಥ ಅಳಿಯನೇ ಬೇಕು."

(ಸೀನನಿಗೆ ಬಾದಾಮಿಗೂ ತೋತಾಪುರಿಗೂ ವ್ಯತ್ಯಾಸ ಗೊತ್ತಿಲ್ಲ. ನಾನು ಬಾಯಿ ಬಿಡಲಿಲ್ಲ.)

ಅತ್ತೆ ತಕ್ಷಣ ಪಾರ್ಟಿ ಬದಲಿಸಿದರು. "ಸಕ್ಕರೆ ನೀರಲ್ಲಿ ಏನಿದೆ ಬಿಡ್ರಮ್ಮ. ಇದು ನಮ್ಮ ಹೋಳೂರು ರಕ್ತ. ಇವನ ತಾತನೂ ಹಿಂಗೇ!"

ರಕ್ತ ಎಂದು ತೀರ್ಮಾನವಾದರೆ ಸೀನನ ಗತಿ? "ಅದ್ಹೇಗತ್ತೆ? ಇಷ್ಟು ವರ್ಷ ಎಲ್ಲಾ ಸೀನನ ಸಕ್ಕರೆ ನೀರು ಅಂತ ನೀವೇ ಹೇಳ್ತಿದ್ರಲ್ಲ!" ಎಂದೆ. ಅಜ್ಜಿ ತಾಂಬೂಲದ ತಟ್ಟೆ ಕೇಳಿದರು. ಸಂಬಂಧ ಕುದುರಿತು.

ನಿಜ ಏನು ಗೊತ್ತೇ? ಕಿಟ್ಟಿ ನಡೆಯಲು ಕಲಿತಾಗಿನಿಂದ ನನ್ನ ಸೆರಗು ಹಿಡಿದು ಸಂತೆಗೆ ಬರುತ್ತಾನೆ. ತಳಕ್ಕೆ ಕೈ ಹಾಕುವುದು, ಮೂಸುವುದು, ಒತ್ತುವುದು, ಆ ಸೊಂಟದ ಮೇಲಿನ ಕೈ, ಆ ಮಾತು, ಎಲ್ಲವೂ ನನ್ನದೇ. ತಮ್ಮನ ಮದುವೆಗಾಗಿ ಅದನ್ನೂ ಸೀನನಿಗೆ ಧಾರೆ ಎರೆದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಸಾಯಂಕಾಲ ಎದುರುಮನೆಯಾಕೆ ದೂರು ತಂದರು. ಅವರ ಹೊಸ ಟಿ.ವಿ. ನೋಡಲು ಹೋದ ಕಿಟ್ಟಿ, "ಬರೀ ಗೆರೆ ಬರುತ್ತಲ್ರೀ, ನಮಗೇನು ಕಣ್ಣಿಲ್ವಾ?" ಎಂದನಂತೆ. ಅತ್ತೆ, ಯಜಮಾನರು, ಕೊನೆಗೆ ಆ ಸೀನ ಕೂಡ ಒಟ್ಟಿಗೆ ನನ್ನ ಕಡೆ ತಿರುಗಿ, "ಥೇಟ್ ಅವರಮ್ಮನ ಬಾಯಿ!" ಎಂದರು.

ಮೆಚ್ಚುಗೆಯೆಲ್ಲ ಅವರಿಗೆ, ದೂರು ಮಾತ್ರ ತಾಯಿಗೆ ಎಂದು ಯಾವ ಜೀವಶಾಸ್ತ್ರದಲ್ಲಿ ಬರೆದಿದೆ, ರೀ?