ಮುಚ್ಚಿದ ರೆಕ್ಕೆಯ ಫೋಟೋ

ತಮ್ಮ ನನ್ನಿಂದ ಕೇಳಿದ್ದು ಒಂದು ತಾಟು ನೀರು ಮಾತ್ರ. ಅದನ್ನು ನಾನು ಇಡಲಿಲ್ಲ. ಸತ್ತವರು ಸುಳಿಯುತ್ತಾರೆಂಬ ಮಾತನ್ನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಹಾನಗಲ್ಲಿನ ಬಳಿ ಅಪ್ಪನ ನಿಂಬೆ ತೋಟವಿತ್ತು. ನನ್ನನ್ನು ಮೂರನೆಯ ಇಯತ್ತೆಗೇ ಶಾಲೆ ಬಿಡಿಸಿ, ತಮ್ಮ ಈರಣ್ಣನನ್ನು ಧಾರವಾಡಕ್ಕೆ ಕಳಿಸಿ ಓದಿಸಿದರು. ಆ ಉರಿ ನನ್ನೊಳಗೆ ಆರಲಿಲ್ಲ. ಎದೆಯ ರೋಗ ಹಿಡಿದು ಅವನು ಊರಿಗೆ ಬಂದಾಗ, ಆರೈಕೆಗೆಂದು ನಾನೂ ಗಂಡನ ಮನೆಯಿಂದ ಬಂದಿದ್ದೆ. ಹಣ್ಣಿಗೆ ತೂತು ಕೊರೆದು ರಸ ಹೀರುವ ಪತಂಗವೊಂದನ್ನು ಅವನು ಹಿಡಿದ. ಅದು ಸತ್ತು ಒಣಗಿದ ಮೇಲೆ ಸವಣೂರಿಗೆ ಒಯ್ದು ಫೋಟೋ ತೆಗೆಸಿ, ಒಂದು ಪ್ರತಿಯನ್ನು ತನ್ನ ಮಾಸ್ತರರಿಗೆ ಕಳಿಸಿದ.

"ಹೆಣ್ಣಿನವರಿಗೆ ತೋರಸಾಕ ತನ್ನ ಫೋಟೋ ತಗಸೋದು ಬಿಟ್ಟು ಹುಳದ್ದು ತಗಸ್ಯಾನ. ಲಗ್ನ ಅದಕ್ಕ ಮಾಡ್ತಾನೇನ?" ಎಂದು ಚಿಗವ್ವ ನಕ್ಕಳು. ನಾನೂ ನಕ್ಕೆ.

ಫೋಟೋದಲ್ಲಿ ರೆಕ್ಕೆ ಮುಚ್ಚಿತ್ತು. ಇಂಥವು ಎರಡು ಜಾತಿ, ಮುಚ್ಚಿದಾಗ ಅವಳಿಗಳಂತೆ. ಹಿಂದಿನ ರೆಕ್ಕೆಯ ಕರಿ ಮಚ್ಚೆ ದುಂಡಗಿದ್ದರೆ ಒಂದು, ಬಾಗಿದ್ದರೆ ಇನ್ನೊಂದು, ಬಿಡಿಸಿ ನೋಡು ಎಂದು ಮಾಸ್ತರರು ತಿಳಿಸಿದರು. ಅಷ್ಟರಲ್ಲಿ ಈರಣ್ಣ ಹಾಸಿಗೆ ಹಿಡಿದಿದ್ದ. ಹುಳದ ಡಬ್ಬಿ ನನ್ನ ವಶದಲ್ಲಿತ್ತು. "ಅಕ್ಕಾ, ಬೆಲ್ಲದ ಗಡಿಗಿ ಇಟ್ಟಂಗ ನೀರಿನ ತಾಟಿನಾಗ ಇಡು, ಇರಿವಿ ತಿಂದಾವು" ಎಂದು ಅವನು ಮೊದಲೇ ಹೇಳಿದ್ದ. ನಾನು ಬೇಕೆಂದೇ ಇಟ್ಟಿರಲಿಲ್ಲ. ಡಬ್ಬಿ ತೆರೆದರೆ ಬರೀ ಪುಡಿ.

"ಯಾವುದೈತಿ, ಅಕ್ಕಾ?"

"ದುಂಡಗೈತಿ," ಎಂದೆ.

ನನ್ನ ಕೈಯಿಂದಲೇ ಮಾಸ್ತರರಿಗೆ ಹಾಗೆ ಬರೆಸಿ, ಕೆಲವು ದಿನಗಳಲ್ಲಿ ಸಮಾಧಾನದಿಂದ ಕಣ್ಣು ಮುಚ್ಚಿದ. ಅವನದೇ ಫೋಟೋ ಒಂದೂ ಇರಲಿಲ್ಲ. ಅವ್ವ ಹುಳದ ಫೋಟೋಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅವಳು ತೀರಿದ ಮೇಲೆ ಅದು ನನ್ನ ಮನೆಗೆ ಬಂತು.

ಎಷ್ಟೋ ವರ್ಷಗಳ ಮೇಲೆ ನನ್ನ ಮಗನ ಹೆಂಡತಿ, ಹಿರೇಬೆಂಡಿಗೇರಿಯ ಹುಡುಗಿ, ಒಂದು ಮಧ್ಯಾಹ್ನ ಅದನ್ನು ಇಳಿಸಿ ಒರೆಸುತ್ತಿದ್ದಳು. ಈ ಸಂಗತಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಅತ್ತೀ, ಎಷ್ಟ ಚಂದ ರೆಕ್ಕಿ ಬಿಚ್ಚೇತ್ರಿ. ಅರಿಶಿಣದ ಮ್ಯಾಲ ಕರೀ ಕುಡಗೋಲ ಇಟ್ಟಂಗ ಐತಿ ನೋಡ್ರಿ."

ಅದು ಕಪ್ಪು ಬಿಳುಪಿನ ಫೋಟೋ. ಕಸಿದುಕೊಂಡು ನೋಡಿದೆ. ರೆಕ್ಕೆ ಮುಚ್ಚಿಯೇ ಇತ್ತು. ಅವಳೂ ಮತ್ತೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತವರಿನಲ್ಲಿ ಇಂಥ ಹುಳ ಕಂಡಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಅವಳು ಕಂಡದ್ದೇನು, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವಳ ಎದುರಿಗೇ ಫೋಟೋ ಮಡಿಲಲ್ಲಿಟ್ಟುಕೊಂಡು ಹೇಳಿದೆ: "ಈರಣ್ಣಾ, ನಾ ನೋಡಿರಲಿಲ್ಲೋ. ಇರಿವಿಗೆ ಹಾಕಿ ನಿನಗ ಸುಳ್ಳ ಹೇಳಿದ್ನಿ. ತಪ್ಪಾತೋ ತಮ್ಮಾ."