ಬೋರ್ಡಿಗಿಟ್ಟ ಕುಂಕುಮ

ನೀರಿನ ತೊಟ್ಟಿಯ ಮಟ್ಟ ಅಳೆಯುವ ಸೆನ್ಸರಿಗೆ ನಾನು ಮಾಡಿದ ಆಂಪ್ಲಿಫೈಯರ್ ಒಂದು ಪುಟ್ಟ ಸೆಲ್ಲಿನಲ್ಲಿ ವರ್ಷಗಟ್ಟಲೆ ಓಡುತ್ತದೆ, ಸಿಗ್ನಲ್ಲಿನಲ್ಲಿ ಗದ್ದಲವೂ ತೀರಾ ಕಡಿಮೆ. ಅದನ್ನು ಕೊಳ್ಳಲು ನಮ್ಮ ದಾಸರಹಳ್ಳಿ ಶೆಡ್ಡಿಗೆ ಬಂದಿದ್ದ ಅಧಿಕಾರಿ ಅದರ ಮೊದಲ ಸರ್ಕ್ಯೂಟ್ ಬೋರ್ಡು ಪರೀಕ್ಷಿಸಿದರೆ, ಪರದೆಯ ಮೇಲಿನ ಗೆರೆ ಕುಣಿಯತೊಡಗಿತು.

"ಏನ್ ಮೇಡಂ, ಡಿಸೈನಲ್ಲೇ ತೊಂದ್ರೆ ಇದ್ದಂಗಿದೆ. ಆರ್ಡರ್ ಕೊಡೋದು ಕಷ್ಟ."

ನಾನು ಅಲುಗಲಿಲ್ಲ. ನೋಟ್‌ಬುಕ್ ತೆರೆದೆ. "ನೋಡಿ, ಆಯುಧಪೂಜೆ ಹಿಂದಿನ ದಿನ ಇದೇ ಬೋರ್ಡಿನ ಗೆರೆ ನೂಲು ಹಿಡಿದ ಹಾಗಿತ್ತು. ನನ್ನ ಪುಸ್ತಕ ಸುಳ್ಳು ಹೇಳಲ್ಲ."

ಟೆಸ್ಟಿಂಗ್ ನೋಡಿಕೊಳ್ಳುವ ಧಾರವಾಡದ ಶಾಂತಾ ಬೋರ್ಡನ್ನು ಬೆಳಕಿಗೆ ಹಿಡಿದಳು. "ಮೇಡಂ, ಆಯುಧಪೂಜಿಗೆ ಇಟ್ಟಿದ್ದು ಇದನ್ನ ಅಲ್ರೀ? ಸೆನ್ಸರ್ ವೈರ್ ಕೂಡೋ ಜಾಗದಾಗ ಕುಂಕುಮ ಐತ್ರಿ."

"ಯಾರಮ್ಮ ಅಲ್ಲಿಗೆ ಹಚ್ಚಿದ್ದು?" ಎಂದು ಗದರಿದೆ.

"ನೀವ ಹಚ್ಚಿದ್ರಲ್ರೀ!"

ಅಷ್ಟು ಸೂಕ್ಷ್ಮ ಜಾಗದಲ್ಲಿ ತೇವ ಹೀರಿಕೊಂಡಿದ್ದ ಕುಂಕುಮ ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಶಾಂತಾ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದಳು, ಗೆರೆ ನೆಟ್ಟಗಾಯಿತು. ಅಧಿಕಾರಿ ನಗುತ್ತಲೇ ಸಹಿ ಹಾಕಿದರು.

ದೋಷಕ್ಕೆ ಕಾರಣ ಕುಂಕುಮ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಡಿಸೈನ್ ಸರಿಯಿದೆ ಎಂದು ಬರೆದು ಅಡಿಗೆರೆಯನ್ನೂ ಎಳೆದೆ. ಹಚ್ಚಿದವರು ಯಾರೆಂದು ಬರೆಯಲು ಮಾತ್ರ ಆ ಪುಟದಲ್ಲಿ ಜಾಗ ಸಾಲಲಿಲ್ಲ.