ಟಿವಿಯಲ್ಲಿ ಉಳಿದ ಸಿನಿಮಾ ಬಣ್ಣ

ವಿಡಿಯೋ ಆಟದ ಅಂಗಡಿ ನಡೆಸುವವನನ್ನು ಎಲ್ಲರೂ ಧೂಳಪ್ಪ ಎಂದೇ ಕರೆಯುತ್ತಿದ್ದರು. ಯಾರ ಕಂಪ್ಯೂಟರ್ ಕೆಟ್ಟರೂ ಮೊದಲು ಮುಚ್ಚಳ ಬಿಚ್ಚಿ ಧೂಳು ಊದುವುದು ಅವನ ಪದ್ಧತಿ. ಅರ್ಧ ರೋಗ ಅಷ್ಟಕ್ಕೇ ವಾಸಿಯಾಗುತ್ತಿತ್ತು, ಉಳಿದರ್ಧಕ್ಕೆ ಮಾಲೀಕನನ್ನು ಬೈಯುತ್ತಿದ್ದ. ತನ್ನ ಕಂಪ್ಯೂಟರನ್ನಂತೂ ಬಿಡಿಭಾಗ ತಂದು ಕೈಯಾರೆ ಜೋಡಿಸಿದ್ದ. ಅದರ ಗ್ರಾಫಿಕ್ಸ್ ಕಾರ್ಡಿನ ಗುಣಗಾನ ಶುರುವಾದರೆ ಗಿರಾಕಿಗಳು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಅವನ ಬಾಯಿಗೆ ಬೀಗ ಹಾಕಬಲ್ಲವಳು ಅಕ್ಕ ಒಬ್ಬಳೇ. ಆಸ್ಪತ್ರೆಯಲ್ಲಿ ನರ್ಸು, ವಯಸ್ಸು ನಲವತ್ತೊಂದು, ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ನ ಪಕ್ಷದವಳು. ಪಾಳಿ ಮುಗಿಸಿ ಬಂದು ಸೋಫಾದಲ್ಲಿ ಕಾಲು ಚಾಚಿ ಗುಂಡಿ ಒತ್ತಿದರೆ ಆಟ ಶುರುವಾಗಬೇಕು, ಅಷ್ಟೇ ಅವಳ ಬೇಡಿಕೆ.

"ನಿನ್ನ ಪೆಟ್ಟಿಗೆ ಅಪ್‌ಡೇಟ್ ಮುಗಿಸೋಷ್ಟರಲ್ಲಿ ನಾನು ಎರಡು ಆಟ ಗೆದ್ದಿರ್ತೀನಿ ಕಣೋ," ಎನ್ನುತ್ತಿದ್ದಳು.

"ನಿನ್ನ ಡಬ್ಬಿಗೆ ಹೊಸದೊಂದು ಕಾರ್ಡ್ ಹಾಕೋಕಾಗುತ್ತಾ? ನನ್ನದರ ವೇಗ ಅದಕ್ಕೆಲ್ಲಿಂದ ಬರಬೇಕಕ್ಕಾ!"

"ನೀನು ಇಂಟರ್ನೆಟ್ಟಲ್ಲಿ ಕಂಡುಕೇಳದವರ ಜೊತೆ ಆಡು. ನಂಗೆ ಸೋತವನ ಮುಖ ಪಕ್ಕದಲ್ಲೇ ಕಾಣ್ಬೇಕು."

ಹನ್ನೆರಡು ವರ್ಷದ ಈ ಜಗಳ ಆ ಮಧ್ಯಾಹ್ನ ತೀರ್ಮಾನಕ್ಕೆ ಬಂದು ನಿಂತಿತ್ತು. ಊರಿನ ಗೇಮಿಂಗ್ ತಂಡದಲ್ಲಿ ಒಂದೇ ಸ್ಥಾನ ಖಾಲಿ. ಆಯ್ಕೆಯಲ್ಲಿ ಕೊನೆಗೆ ಉಳಿದವರು ಅಕ್ಕ, ತಮ್ಮ. ಹೊಡೆದಾಟದ ಆಟ. ಅವನು ತನ್ನ ಕಂಪ್ಯೂಟರಿನಲ್ಲಿ, ಅವಳು ಅಂಗಡಿಯ ದೊಡ್ಡ ಟಿವಿಗೆ ಜೋಡಿಸಿದ ಕನ್ಸೋಲಿನಲ್ಲಿ. ಮೊದಲು ಮೂರು ಸುತ್ತು ಗೆದ್ದವರಿಗೆ ಸ್ಥಾನ. ಈ ಸಲ ಆಗದಿದ್ದರೆ ಆಟವನ್ನೇ ಬಿಟ್ಟುಬಿಡುತ್ತೇನೆ ಎಂದು ಅಕ್ಕ ಬೆಳಿಗ್ಗೆ ಹೇಳಿದ್ದಳು. ತಮಾಷೆಗೆ ಹೇಳಿರಲಿಲ್ಲ.

ಮೊದಲ ಸುತ್ತು ಅವನಿಗೆ ಸಲೀಸಾಗಿ ದಕ್ಕಿತು. ಅಕ್ಕ ಪ್ರತಿ ಏಟನ್ನೂ ತಡೆಯಲು ಹೋಗಿ ಕೂದಲೆಳೆಯಷ್ಟು ತಡವಾಗುತ್ತಿದ್ದಳು. ಧೂಳಪ್ಪ ಒಳಗೊಳಗೇ ಬೀಗಿದ.

ಎರಡನೆಯದರ ನಡುವೆ ಅವನ ಕಣ್ಣು ಟಿವಿಯತ್ತ ಹೊರಳಿತು. ಪರದೆಯ ಮೇಲಿನ ಮುಖಗಳೆಲ್ಲ ಹಳದಿಗೆ ತಿರುಗಿದ್ದವು. ನಿನ್ನೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದರಲ್ಲಿ ಸಿನಿಮಾ ನೋಡಿದವನು ತಾನೇ. ಟಿವಿಯನ್ನು ಮತ್ತೆ ಗೇಮ್ ಮೋಡ್‌ಗೆ ಹಾಕುವುದನ್ನು ಮರೆತವನೂ ತಾನೇ. ಸಿನಿಮಾ ಮೋಡ್‌ನಲ್ಲಿ ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತಡವಾಗಿ ತೋರಿಸುತ್ತದೆ. ಅಕ್ಕನ ಕಣ್ಣಿಗೆ ಏಟು ಕಾಣುವಷ್ಟರಲ್ಲಿ ಅದು ಬಿದ್ದಾಗಿರುತ್ತದೆ. ಬಾಯಿ ಬಿಟ್ಟು ಹೇಳಬೇಕು ಎಂದುಕೊಂಡ. ಹೇಳಲಿಲ್ಲ. ಎರಡನೆಯ ಸುತ್ತೂ ಅವನದಾಯಿತು.

ಅಕ್ಕ ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ಅವಳ ಮುಖ ಸಪ್ಪಗಾಗಿತ್ತು.

"ಕೈ ನಿಧಾನ ಆಗೋಗಿದೆ ಕಣೋ. ವಾರ್ಡಲ್ಲೂ ಹೀಗೇ ಆಗ್ತಿದೆಯೇನೋ, ನಂಗೇ ಗೊತ್ತಾಗ್ತಿಲ್ಲ. ಮಕ್ಕಳಿಗೆ ಸೂಜಿ ಚುಚ್ಚೋ ಕೈ ಇದು."

ಅವನು ರಿಮೋಟಿನತ್ತ ನೋಡಿದ. ಅಷ್ಟರಲ್ಲಿ ಮೂರನೆಯ ಸುತ್ತು ಶುರುವಾಯಿತು. ಅಕ್ಕ ಏಟಿನ ಮೇಲೆ ಏಟು ತಿಂದಳು. ಇನ್ನೊಂದು ಒದೆತ ಬಿದ್ದರೆ ಸ್ಥಾನ ಅವನದು. ಸುತ್ತ ನಿಂತವರು ಪರದೆಯತ್ತ ಬಾಗಿದರು. ಧೂಳಪ್ಪ ಕೀಬೋರ್ಡ್ ಬಿಟ್ಟು ಎದ್ದ.

"ಸಾಕು, ನಿಲ್ಸಕ್ಕಾ. ತಪ್ಪು ನಿನ್ನ ಕೈದಲ್ಲ, ಟಿವಿದು. ಗೇಮ್ ಮೋಡ್‌ಗೆ ಹಾಕದೆ ಬಿಟ್ಟಿದ್ದು ನಾನೇ."

ರಿಮೋಟ್ ಒತ್ತಿದ. ಹಳದಿ ಹೋಗಿ ಮುಖಗಳು ಬಿಳುಪಾದವು. ಆಯ್ಕೆ ಮಾಡಲು ಬಂದಿದ್ದ ತಂಡದ ತರಬೇತುದಾರ, "ಹಾಗಾದ್ರೆ ಮೊದಲಿಂದ ಆಡಿ," ಎಂದ.

ಅಕ್ಕ ಈ ಸಲ ಮೂರಕ್ಕೆ ಮೂರೂ ಸುತ್ತು ಗೆದ್ದಳು. ಅಂಗಡಿ ಚಪ್ಪಾಳೆಯಿಂದ ತುಂಬಿಹೋಯಿತು. ಅವಳು ಮಾತ್ರ ನಗಲಿಲ್ಲ, ನೇರ ತಮ್ಮನ ಹತ್ತಿರ ಬಂದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡನೇ ಸುತ್ತಲ್ಲಿ."

"ಅಂದ್ರೆ ನಾನು ಬೆರಳು ನೋಡ್ಕೊಂಡು ಕೂತಿದ್ದಾಗ ನಿಂಗೆ ಗೊತ್ತಿತ್ತು?"

ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು.

"ಗೊತ್ತಿತ್ತಕ್ಕಾ," ಎಂದ ಧೂಳಪ್ಪ.